ಕುದ್ರುವಿನ ಕೆಸರಿಗೊಂದು ಶಾಲು

ನಮ್ಮ ಕುದ್ರು ಗೆಳೆಯರ ಬಳಗದ ಅಧ್ಯಕ್ಷರಾದ ಝುಹೈರ್ ಅವರೇ, ಬುರೈದಾದಿಂದ ರಿಯಾದಿನವರೆಗೆ ನನ್ನನ್ನು ಕಾರಿನಲ್ಲಿ ಕರೆತಂದ ಕಾರ್ಯದರ್ಶಿ ನಝೀಮ್ ಅವರೇ, ಗಣ್ಯರೇ, ಬಿರಿಯಾನಿಯ ಪರಿಮಳ ಬಂದ ಮೇಲೂ ಕುರ್ಚಿ ಬಿಡದ ಸಹನಾಶೀಲ ಸಭಿಕರೇ,

ಸನ್ಮಾನ ಎಂದರು, ಬಂದೆ. ಖರ್ಜೂರದ ವ್ಯಾಪಾರಿಯಾದ ನನಗೆ ಖರ್ಜೂರದ ಪೆಟ್ಟಿಗೆಯನ್ನೇ ಕೊಟ್ಟರು, ಇರಲಿ. ಆದರೆ ವೇದಿಕೆ ಹತ್ತುವಾಗ ಬ್ಯಾನರ್ ಓದಿದೆ: 'ಸಭಾಭವನಕ್ಕೆ ಜಾಗ ಕೊಟ್ಟ ಕೊಡುಗೈ ದಾನಿ ಮೊಯಿದಿನಬ್ಬ'. ಯಾವಾಗ ಕೊಟ್ಟೆ? ಸಭಿಕರೇ, ನಾನು ಯಾವಾಗ ಕೊಟ್ಟೆ? ಕೇಳೋಣವೆಂದರೆ ಸ್ವಾಗತ ಭಾಷಣ ಶುರುವಾಯಿತು. ಅದು ಮುಗಿಯುವಷ್ಟರಲ್ಲಿ ಶಾಲು ಹೆಗಲಿಗೆ ಬಿತ್ತು.

ಇದು ನಮ್ಮ ಬಳಗದ ಹಳೆಯ ಕ್ರಮ. ಮೊದಲು ಶಾಲು, ಆಮೇಲೆ ಸುದ್ದಿ. ಚಪ್ಪಾಳೆ ಬಿದ್ದು, ಫೋಟೋ ಊರಿನ ವಾಟ್ಸಾಪಿಗೆ ಹೋದ ಮೇಲೆ ಇಲ್ಲ ಎಂದವರು ಯಾರೂ ಇಲ್ಲ. ಹೋದ ವರ್ಷ ರಿಝ್ವಾನ್ 'ಕ್ರೀಡಾ ಪೋಷಕ' ಎಂದು ಶಾಲು ಹೊದ್ದರು. ಇಡೀ ಪಂದ್ಯಾವಳಿಯ ಊಟದ ಖರ್ಚು ತನ್ನದೇ ಎಂದು ಪಾಪ, ಅವರಿಗೆ ಗೊತ್ತಾದದ್ದು ಊಟದ ಹೊತ್ತಿಗೆ.

ಯಾವುದು ಈ ಜಾಗ? ಇಲ್ಲಿ ಹುಟ್ಟಿದ ಮಕ್ಕಳಿಗಾಗಿ ಹೇಳುತ್ತೇನೆ. ಕುದ್ರು ಎಂದರೆ ಹೊಳೆ ಕಡಲು ಸೇರುವಲ್ಲಿನ ದ್ವೀಪ. ಅದರ ತೆಂಕು ತುದಿಯಲ್ಲಿ ನನ್ನದೊಂದು ಜೌಗು ಭೂಮಿ ಇದೆ, ಅಂಚಿಗೆ ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಕಾಡು. ಬ್ಯಾನರಿನಲ್ಲೇ ನಕ್ಷೆ ಇದೆ, ಆ ಜೌಗಿಗೆ ಮಣ್ಣು ತುಂಬಿಸಿ ಭವನ ಕಟ್ಟುತ್ತಾರಂತೆ, ಜೊತೆಗೆ ಕಾರ್ ಪಾರ್ಕಿಂಗ್! ನಮ್ಮ ಕುದ್ರುವಿಗೆ ಸೇತುವೆಯೇ ಇಲ್ಲ. ಕಾರುಗಳು ಈಜಿಕೊಂಡು ಬರುತ್ತವೆಯೇ?

ಸ್ವಾಗತ ಭಾಷಣದ ವೇಳೆ ನಾನು ತಲೆ ತಗ್ಗಿಸಿ ಕೂತದ್ದನ್ನು ಕಂಡು ವಿನಯ ಎಂದುಕೊಂಡಿರಿ. ವಿನಯವಲ್ಲ, ಫೋನಿನಲ್ಲಿ ಹೆಂಡತಿ ಬೀಫಾತುಮ್ಮ. ಬ್ಯಾನರಿನ ಫೋಟೋ ಆಗಲೇ ಊರು ತಲುಪಿತ್ತು. "ನಿಮ್ಗೆ ಎಂತ ಮರ್ಲಾ ಮಾರಾಯ್ರೇ? ಆ ಕೆಸರು ಮುಚ್ಚಿದ್ರೆ ಮಳೆನೀರು ನಿಲ್ಲೂದೆಲ್ಲಿ? ಬಾವಿ ಉಪ್ಪಾದ್ರೆ ನೀವು ಬುರೈದಾದಿಂದ ಟ್ಯಾಂಕರ್ ಕಳಿಸ್ತೀರಾ?"

ಬೀಫಾತುಮ್ಮ ಹೇಳಿದ್ದು ಸರಿ. ಸಣ್ಣ ದ್ವೀಪದಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೆಳ್ಳಗೆ ನಿಂತಿರುತ್ತದೆ. ಮಳೆಯನ್ನು ಹಿಡಿದು ಇಂಗಿಸುವುದು ಆ ಜೌಗು. ನೆರೆ ಬಂದಾಗ ದಂಡೆಯನ್ನು ಹಿಡಿದಿಡುವುದು ಕಾಂಡ್ಲಾದ ಬೇರು. ನೀವು ರಜೆಯಲ್ಲಿ ಹೋಗಿ ಚಪ್ಪರಿಸುವ ಏಡಿ, ಸಿಗಡಿ ಬೆಳೆಯುವುದೂ ಅಲ್ಲೇ. ಬುರೈದಾದ ತೋಟದವರು ನೀರಿಗಾಗಿ ಎಷ್ಟು ಆಳಕ್ಕೆ ಕೊರೆಯುತ್ತಾರೆಂದು ನೋಡುತ್ತಲೇ ನನ್ನ ಗಡ್ಡ ಬೆಳ್ಳಗಾಯಿತು. ನೀರಿಲ್ಲದ ಊರಿನಲ್ಲಿ ದುಡಿದು, ನೀರಿರುವ ಊರನ್ನು ಹಾಳುಮಾಡುವುದೇ?

ಇನ್ನು ನಮ್ಮ ಅಧ್ಯಕ್ಷರ ಉದ್ಯೋಗವೇನು? ಕೆಂಪು ಸಮುದ್ರದ ದ್ವೀಪವೊಂದರಲ್ಲಿ ಇದೇ ಕಾಂಡ್ಲಾ ನೆಡಿಸುವ ಕಂಪನಿಯ ಸೂಪರ್‌ವೈಸರ್! ಅಲ್ಲಿ ಒಂದು ಸಸಿ ಬಾಡಿದರೆ ಊಟ ಬಿಡುವ ಮನುಷ್ಯ, ಊರಿನಲ್ಲಿ ಕಾಡಿಗೇ ಮಣ್ಣು ಹಾಕಲು ಹೊರಟಿದ್ದಾರೆ. ಊರಿಗೆ ಉಪಕಾರಿ, ಮನೆಗೆ ಮಾರಿ ಎನ್ನುವುದು ಇದಕ್ಕೇ.

ಭವನ ಬೇಡವೆನ್ನುತ್ತಿಲ್ಲ. ನನ್ನ ಮಗಳು ಮುಹ್ಸಿನಾಳ ನಿಕಾಹ್ ಮಳೆಯಲ್ಲಿ ಟಾರ್ಪಾಲಿನ ಅಡಿ ನಡೆಯಿತು. ಮದುಮಗನ ಟೊಪ್ಪಿಯಿಂದ ನೀರು ಇಳಿಯುತ್ತಿತ್ತು. ನನ್ನ ಮನೆಯ ಪಕ್ಕದ ಎತ್ತರದ ಜಾಗ ತೆಗೆದುಕೊಳ್ಳಿ. ಅಲ್ಲಿ ನಾನೊಂದು ತಾರಸಿ ಮನೆ ಕಟ್ಟಬೇಕೆಂದಿದ್ದೆ. ಇಲ್ಲಿನ ವಾಸದ ಪರವಾನಗಿ ಇಕಾಮಾ ಮುಗಿಸಿ ಮುಂದಿನ ತಿಂಗಳು ಊರಿಗೆ ಹೊರಟವನಿಗೆ ಬೇರೆ ಏನು ಆಸೆ? ಬಾಲ್ಕನಿಗೆ ಬಣ್ಣವನ್ನೂ ಆರಿಸಿದ್ದೆ. ಆದರೆ ಬಾಲ್ಕನಿಯಲ್ಲಿ ಕುಳಿತು ಉಪ್ಪು ಚಹಾ ಕುಡಿಯಲಾರೆ. ಹಳೆಯ ಮನೆಯೇ ಸಾಕು. ಬೀಫಾತುಮ್ಮನಿಗೆ ಇದಿನ್ನೂ ಗೊತ್ತಿಲ್ಲ. ವಾಟ್ಸಾಪಿನವರು ದಯವಿಟ್ಟು ಸ್ವಲ್ಪ ತಡೆಯಿರಿ.

ಝುಹೈರ್ ಅವರೇ, ಒಮ್ಮೆ ಎದ್ದು ನಿಲ್ಲಿ. ಹೆದರಬೇಡಿ. ನನ್ನ ಹೆಗಲಿನ ಶಾಲು, ಇದೋ, ನಿಮ್ಮ ಹೆಗಲಿಗೆ. ಸಭಿಕರೇ, 'ಕುದ್ರುವಿನ ಕಾಂಡ್ಲಾ ಕಾಡಿನ ಕಾವಲುಗಾರ' ಝುಹೈರ್ ಅವರಿಗೆ ಜೋರಾಗಿ ಒಂದು ಚಪ್ಪಾಳೆ! ನಝೀಮ್, ಫೋಟೋ ತೆಗೆದೆಯಾ? ಊರಿಗೆ ಕಳಿಸಿದೆಯಾ? ಯಲ್ಲಾ, ಬೇಗ!

ಅಧ್ಯಕ್ಷರೇ, ಈಗ ಇಲ್ಲ ಎನ್ನಿ ನೋಡೋಣ.

ಹಸಿವಿನಲ್ಲೂ ಕೇಳಿದ ನಿಮಗೆಲ್ಲ ನಮ್ಮ ಬಾವಿಯ ನೀರಿನಷ್ಟು ಸಿಹಿಯಾದ ಧನ್ಯವಾದ. ನಮಸ್ಕಾರ.