ಅವಧೂತನ ಚೆಂಡು

ಬಾವಿ ದಾಟುವಾಗ ತಿರುಗಿ ನೋಡಬಾರದು ಅಂತ ಹಿರಿಯರು ಹೇಳುತ್ತಾರೆ. ನಮ್ಮ ಗುರುಪುತ್ರಪ್ಪಣ್ಣ ತಿರುಗಿ ನೋಡಲಿಲ್ಲ. ಅವನು ಮಾಡಿದ ತಪ್ಪು ಬೇರೆ... ಕಾಲು ಎತ್ತಿದ.

ಅಣ್ಣ ಅಂದರೆ ನನ್ನ ದೊಡ್ಡಪ್ಪನ ಮಗ. ಖಾನಾಪುರದಲ್ಲಿ ಡಾಕ್ಟರು. ಹರೆಯದಲ್ಲಿ ಬೆಳಗಾವಿಯ ಒಂದು ಫುಟ್‌ಬಾಲ್ ತಂಡದಲ್ಲಿ ಆಡುತ್ತಿದ್ದ. ಚೆಂಡು ಇವನ ಕಾಲಿಗೆ ಸಿಕ್ಕರೆ ನಾಯಿಮರಿಯ ಹಾಗೆ ಹಿಂದೆ ಬರುತ್ತದೆ ಅನ್ನುತ್ತಿದ್ದರು. ಐವತ್ತೆಂಟನೆಯ ಇಸವಿಯಲ್ಲಿ ಖಾನಾಪುರದ ಮೈದಾನದಲ್ಲಿ ಅಲ್ಲಿಯವರ ಮೇಲೆ ಪಂದ್ಯ ಬಂತು. ಅದೇ ವಾರ ಡಾಕ್ಟರಿಕೆಯ ಕಡೆಯ ಪರೀಕ್ಷೆ. ಅಣ್ಣ ತನ್ನ ಜಾಗಕ್ಕೆ ಗೆಳೆಯ ಅವಧೂತನನ್ನು ಕಳಿಸಿದ. ಆಟದ ನಡುವೆ ಯಾರದೋ ಮೊಣಕಾಲು ಅವಧೂತನ ಹೊಟ್ಟೆಗೆ ಬಡಿಯಿತು. ಮೈದಾನದ ಅಂಚಿಗೆ ಒಂದು ಬಾವಿ, ಒಂದು ಆಲದ ಮರ. ಅದರ ನೆರಳಲ್ಲಿ ಮಲಗಿಸಿ ಗಾಡಿಗೆ ಕಾದರು. ಎರಡು ತಾಸು. ಗಾಡಿ ಬರುವಷ್ಟರಲ್ಲಿ... ಶಿವಾ ಶಿವಾ.

ಅಣ್ಣ ಆಮೇಲೆ ಚೆಂಡು ಮುಟ್ಟಲಿಲ್ಲ. ಪಾಸಾಗಿ ಖಾನಾಪುರದಲ್ಲೇ ದವಾಖಾನೆ ತೆರೆದ. ಬೆಳಗಾವಿಯಲ್ಲಿ ಕೂತಿದ್ದರೆ ಎರಡು ಮಾಳಿಗೆ ಕಟ್ಟಿಸುತ್ತಿದ್ದ. ಆದರೆ ಆ ಮೈದಾನದ ಹಾದಿ ಮಾತ್ರ ಹಿಡಿಯುತ್ತಿರಲಿಲ್ಲ. ಹಗಲಲ್ಲೂ ಸುತ್ತು ಹಾಕಿಯೇ ಹೋಗುತ್ತಿದ್ದ.

ಎಪ್ಪತ್ತಾರನೆಯ ಇಸವಿಯ ಚೈತ್ರ ಮಾಸ. ರಾತ್ರಿ ಹನ್ನೊಂದು ದಾಟಿತ್ತು. ಆಚೆ ಹಳ್ಳಿಯ ಹಣಮಪ್ಪ ಬಾಗಿಲು ಬಡಿದ. ಹೆಂಡತಿ ಸಾವಂತ್ರವ್ವ ಮುಂಜಾನೆಯಿಂದ ಹೆರಿಗೆ ಬ್ಯಾನಿ ತಿನ್ನುತ್ತಿದ್ದಾಳೆ. ಕೂಸಿನ ಕೈ ಮೊದಲು ಹೊರಗೆ ಬಂದಿದೆ.

"ಮೈದಾನದ ಹಾದಿ ಹಿಡಿದ್ರ ಅರ್ಧ ತಾಸ್ರೀ, ಡಾಕ್ಟರ್ ಸಾಹೇಬ್ರ. ಸುತ್ತು ಹಾಕಿದ್ರ ಆಕಿ ಉಳಿಯೂದಿಲ್ರಿ."

ಅಣ್ಣ ಬಾಗಿಲ ಚೌಕಟ್ಟು ಹಿಡಿದು ಮೈದಾನದ ಕಡೆ ನೋಡಿದ.

"ಹೆಣಾ ಕೊಯ್ದಾವ್ರಿಗೂ ಅಂಜಿಕಿ ಇರತೈತೇನ್ರಿ?"

"ಕೊಯ್ದ ಹೆಣಾ ಹೆಸರು ಹಿಡದು ಕರಿಯೂದಿಲ್ಲೋ ಹಣಮಪ್ಪ," ಅಂದ ಅಣ್ಣ. "ನೀ ಹೋಗಿ ಸೂಲಗಿತ್ತಿ ಮಾಯವ್ವನ್ನ ಎಬ್ಬಿಸು. ಮುದುಕಿ ಮೈದಾನದ ಹಾದಿ ತುಳಿಯೂದಿಲ್ಲ, ಸುತ್ತು ಹಾಕಿ ಕರಕೊಂಡ ಬಾ. ನಾ ಮುಂದ ನಡೀತೀನಿ."

ಹಣೆಗೆ ವಿಭೂತಿ ಹಚ್ಚಿಕೊಂಡ. ಎದೆಯ ಮೇಲಿನ ಲಿಂಗ ಮುಟ್ಟಿ ನೋಡಿಕೊಂಡ. ಬ್ಯಾಗು ಹಿಡಿದು ಹೊರಟ.

ಅರ್ಧ ಬೆಳದಿಂಗಳು. ಎಲೆ ಅಲ್ಲಾಡುತ್ತಿರಲಿಲ್ಲ. ಆಲದ ಕೆಳಗೆ ಬಂದಾಗ ಬಾವಿಯ ನೀರು ಸೇದುವ ಗಾಲಿ ಕಿರ್... ಕಿರ್... ಅಂತ ತಿರುಗಿತು. ಹಗ್ಗ ಇರಲಿಲ್ಲ. ಅಣ್ಣ ಓಂ ನಮಃ ಶಿವಾಯ ಅನ್ನುತ್ತ ಹೆಜ್ಜೆ ಜೋರು ಮಾಡಿದ.

ದಪ್.

ಗಟ್ಟಿ ನೆಲಕ್ಕೆ ಚರ್ಮದ ಚೆಂಡು ಬಿದ್ದ ಸದ್ದು. ಆಡಿದವನಿಗೆ ತಿಳಿಯದೆ ಇರುತ್ತದೆಯೇ? ದಪ್... ದಪ್... ಸರ್ರ್... ಒಣ ಹುಲ್ಲಿನ ಮೇಲೆ ಉರುಳುತ್ತ ಬಂತು. ನೇರ ಬಲಗಾಲಿಗೆ.

ತಲೆ ಬೇಡ ಅನ್ನುವುದರೊಳಗೆ ಕಾಲು ಒದ್ದುಬಿಟ್ಟಿತು.

ಕತ್ತಲಲ್ಲಿ ಯಾರೋ ತಡೆದರು. ಠಪ್. ಚೆಂಡು ತಿರುಗಿ ಬಂತು.

"ಗುರ್ಯಾ..." ಪಿಸುಮಾತು. ಕಿವಿಯ ಹತ್ತಿರವೇ. "ಪರೀಕ್ಷಾ ಮುಗೀತೇನೋ?"

ಅಣ್ಣ ಕತ್ತಲಿಗೇ ಹೇಳಿದ. "ಮುಗೀತು. ಹದಿನೆಂಟು ವರ್ಷಾತು."

"ಹಂಗಾದ್ರ ಬಾ. ಆಟಾ ಅರ್ಧಕ್ಕ ನಿಂತೈತಿ."

"ಬಿಡೋ ಅವಧೂತ. ಒಂದ್ ಹೆಣ್ಮಗಳು ಬ್ಯಾನಿ ತಿನ್ನಾಕ ಹತ್ಯಾಳ."

"ನಾನೂ ತಿಂದೆ..." ಚೆಂಡು ಇನ್ನೊಮ್ಮೆ ಉರುಳಿ ಬಂತು. "ಎರಡು ತಾಸು."

ಕಾಲುಗಳು ಅಣ್ಣನ ಮಾತು ಕೇಳಲಿಲ್ಲ. ಚೆಂಡಿನ ಹಿಂದೆ ಓಡಿದವು. ದಪ್... ಠಪ್... ದಪ್... ಹಾದಿ ಹಿಂದೆ ಉಳಿಯಿತು. ಬ್ಯಾಗು ಎಲ್ಲೋ ಬಿತ್ತು. ಚಂದ್ರ ಆಲದ ಕೊಂಬೆಗೆ ಇಳಿದುಬಿಟ್ಟಿದ್ದ. ಇನ್ನೊಂದು ಸಲ ಒದ್ದರೆ ಬೆಳಗಾಗುತ್ತದೆ ಅನ್ನಿಸಿತು. ಸಾವಂತ್ರವ್ವ... ಆ ಸಣ್ಣ ಕೈ... ಅಣ್ಣ ಬಾಯ್ಬಿಟ್ಟು ಶಿವನನ್ನು ಕರೆದ. ಚೆಂಡು ಮತ್ತೆ ಬಂದಾಗ ಬಗ್ಗಿ ಎರಡೂ ಕೈಯಿಂದ ಹಿಡಿದುಬಿಟ್ಟ.

ಫುಟ್‌ಬಾಲಿನಲ್ಲಿ ಕೈ ಹಚ್ಚಿದರೆ ಆಟ ನಿಲ್ಲಬೇಕು. ಅದೊಂದೇ ಅವನಿಗೆ ಹೊಳೆದದ್ದು.

ಚೆಂಡು ಬೆಚ್ಚಗಿತ್ತು. ಒಳಗೆ ಏನೋ ಮಿಡಿಯುತ್ತಿತ್ತು... ಟುಕ್... ಟುಕ್...

ನಾಡಿ.

ಬಿಸಾಡಿ ಓಡಬಹುದಿತ್ತು. ನಾನಾಗಿದ್ದರೆ ಓಡುತ್ತಿದ್ದೆ. ಆದರೆ ಡಾಕ್ಟರನ ಕೈ, ನಾಡಿ ಸಿಕ್ಕ ಮೇಲೆ ಬಿಡುವುದಿಲ್ಲ. ಹಲ್ಲು ಕಟಕಟ ಅನ್ನುತ್ತಿದ್ದರೂ ಎಣಿಸಿದ. ಅದು ನಿಧಾನವಾಗುತ್ತಿತ್ತು. ಬಹಳ ನಿಧಾನ. ಅಣ್ಣ ಅಲ್ಲೇ ಮೊಣಕಾಲೂರಿ ಅದನ್ನು ಮಡಿಲಲ್ಲಿ ಇಟ್ಟುಕೊಂಡ.

"ಅವಧೂತ, ನಾ ಬಂದೀನಿ. ತಡಾ ಆತು."

ಟುಕ್...

ಆಮೇಲೆ ಇಲ್ಲ. ಮೈದಾನದ ಆಚೆ ತುದಿಯಲ್ಲಿ ಸೀಟಿ ಊದಿತು, ಉದ್ದಕ್ಕೆ, ಒಂದೇ ಸಲ. ಕೈ ನೋಡಿದರೆ ಖಾಲಿ. ಬ್ಯಾಗು ಪಕ್ಕದಲ್ಲೇ ಇತ್ತು.

ಅಣ್ಣ ಎದ್ದು ಓಡಿದ. ಬಲಗಾಲ ಚಪ್ಪಲಿಯ ಹೆಬ್ಬೆರಳು ಸಿಗಿಸುವ ಉಂಗುಟ ಹರಿಯಿತು. ಎರಡನ್ನೂ ಅಲ್ಲೇ ಕಳಚಿ ಬರಿಗಾಲಲ್ಲಿ ಹಳ್ಳಿ ಸೇರಿದ. ಮಾಯವ್ವ ಆಗಲೇ ಬಂದು ದೀಪ ಹಿಡಿದು ನಿಂತಿದ್ದಳು.

"ಎಲ್ಲಿ ಆಡಕೋತ ನಿಂತಿದ್ರಿ ಡಾಕ್ಟರ್ರ," ಅಂತ ಬೈದಳು ಮುದುಕಿ. ಪಾಪ, ಅವಳಿಗೇನು ಗೊತ್ತು.

ಕೂಸನ್ನು ಒಳಗೇ ತಿರುಗಿಸಿ ತೆಗೆಯಬೇಕಾಯಿತು. ತಾಯಿ ಉಳಿದಳು. ಹೆಣ್ಣು ಕೂಸು, ನಾಲ್ಕಕ್ಕೆ ಹುಟ್ಟಿ ಸ್ವಲ್ಪ ತಡೆದು ಅತ್ತಿತು. ಎಲ್ಲ ಶಿವನ ದಯೆ.

ಬೆಳಗಾದ ಮೇಲೆ ಹಣಮಪ್ಪ ಚಪ್ಪಲಿ ಹುಡುಕಿಕೊಂಡು ಹೋದ. ಕಳಚಿದ ಜಾಗದಲ್ಲಿ ಇರಲಿಲ್ಲ. ಬಾವಿಯ ಕಟ್ಟೆಯ ಮೇಲೆ, ಗುಡಿಯ ಹೊರಗೆ ಬಿಟ್ಟ ಹಾಗೆ, ಜೋಡಿಸಿ ಇಟ್ಟಿದ್ದವಂತೆ. ಹಾಗೇ ತಂದು ಕೊಟ್ಟ.

ಶರಣರನ್ನು ನಂಬಿದವರಿಗೆ ದೆವ್ವವಿಲ್ಲ ಅನ್ನುತ್ತಾರೆ. ನಾನೂ ನಂಬಿದವನೇ. ಆದರೆ ಆ ದಿನ ಮಧ್ಯಾಹ್ನ ಬೆಳಗಾವಿಯಿಂದ ಅಣ್ಣನ ಮನೆಗೆ ಹೋದಾಗ ಆ ಚಪ್ಪಲಿ ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಸುಳ್ಳು ಹೇಳಿ ನನಗೇನಾಗಬೇಕು? ಹರಿದ ಉಂಗುಟವನ್ನು ಯಾರೋ ಬಿಳಿ ಲೇಸಿನಿಂದ ಬಿಗಿಯಾಗಿ ಕಟ್ಟಿದ್ದರು, ಆಟದ ಬೂಟಿಗೆ ಹಾಕುತ್ತಾರಲ್ಲ, ಅಂಥದ್ದು. ಹೊರಗೆ ಸುಡುಬಿಸಿಲು. ಗಂಟು ಮಾತ್ರ ಇನ್ನೂ ಒದ್ದೆ ಇತ್ತು.