ಎದೆಯೊಳಗೊಂದು ತುಂಡು ಬಟ್ಟೆ

ಮೇಡಂ ಅಂದು ‘ಆ ಕೈಯನ್ನೂ ಕೊಡಿ’ ಎಂದರೋ, ‘ಇನ್ನೊಂದು ಕೈ ಎಲ್ಲಿ’ ಎಂದರೋ — ಸರಿಯಾಗಿ ನೆನಪಿಲ್ಲ. ರೋಗಿಯ ಎರಡೂ ಮಣಿಕಟ್ಟುಗಳನ್ನು ಹೀಗೆ, ಒಟ್ಟಿಗೇ ಹಿಡಿದುಕೊಂಡದ್ದು ಮಾತ್ರ ಕಣ್ಣಿಗೆ ಕಟ್ಟಿದಂತಿದೆ.

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿರುವ ಅವರ ಯಜಮಾನರಿಗೆ, ಮಗಳಿಗೆ ವಿಶೇಷವಾಗಿ. ಕಳೆದ ವಾರ ನಮ್ಮನ್ನು ಅಗಲಿದ ಸರ್ಜನ್ ಮೇಡಂ ಆಪರೇಷನ್ ಮಾಡುತ್ತಿದ್ದರು, ನಾನು ಅರಿವಳಿಕೆ ಕೊಡುತ್ತಿದ್ದೆ. ‘ಇವರು ಬಾಯಿ ತೆರೆದ್ರೆ ಸಾಕು, ಇಂಜೆಕ್ಷನ್ನೇ ಬೇಡ’ ಎಂದು ನನ್ನನ್ನು ಪರಿಚಯಿಸುತ್ತಿದ್ದರು. ಚುಟುಕಾಗಿ ಮುಗಿಸುತ್ತೇನೆ.

ಅಂದು ತುರ್ತು ಕೊಠಡಿಗೆ ಒಬ್ಬ ಟೈಲರ್ ಬಂದರು. ಎದೆನೋವು. ಹೃದಯಾಘಾತವಿರಬೇಕೆಂದು ಡ್ಯೂಟಿ ಡಾಕ್ಟರು ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಸಿದ್ಧಮಾಡಿದ್ದರು. ಟೈಲರ್ ಹೆಂಡತಿ, ‘ಬರೀ ಗ್ಯಾಸು, ಹೇಳಿದ ಮಾತು ಕೇಳಲ್ಲ’ ಎಂದು ಬೈಯುತ್ತಲೇ ಅಳುತ್ತಿದ್ದರು.

‘ನೋವು ಹೇಗಿದೆ?’ ಎಂದರು ಮೇಡಂ.

‘ಎದೆಯಿಂದ ಬೆನ್ನಿಗೆ — ಪರ್ರ್ ಅಂತ ಹರಿದ ಹಾಗೆ, ತಾಯಿ.’

ಆಗಲೇ ಎರಡೂ ಕೈ ಹಿಡಿದದ್ದು. ಬಲಗೈಯಲ್ಲಿ ನಾಡಿ ಚೆನ್ನಾಗಿತ್ತು. ಎಡಗೈಯಲ್ಲಿ ಇದ್ದೂ ಇಲ್ಲದಂತೆ. ‘ಆ ಇಂಜೆಕ್ಷನ್ ಕೆಳಗಿಡಿ’ ಎಂದರು ಡ್ಯೂಟಿ ಡಾಕ್ಟರಿಗೆ. ಸ್ಕ್ಯಾನ್‌ನಲ್ಲಿ ಕಂಡಿತು — ಹೃದಯದಿಂದ ಹೊರಡುವ ಮಹಾಧಮನಿಯ ಒಳಪದರವೇ ಸೀಳಿಹೋಗಿ, ಎಡಗೈಗೆ ಹೋಗುವ ರಕ್ತಕ್ಕೆ ಅಡ್ಡಬಂದಿತ್ತು. ಆ ಇಂಜೆಕ್ಷನ್ ಕೊಟ್ಟಿದ್ದರೆ — ಇರಲಿ, ಕೊಡಲಿಲ್ಲ.

ಮೈಯನ್ನು ತಣ್ಣಗಾಗಿಸಿ, ಹೃದಯ ನಿಲ್ಲಿಸಿ, ಹರಿದ ಭಾಗ ತೆಗೆದು, ಬಟ್ಟೆಯ ಕೊಳವೆಯೊಂದನ್ನು ಹೊಲಿದರು. ‘ಎದ್ದ ಮೇಲೆ ಈ ಮನುಷ್ಯ ನನ್ನ ಹೊಲಿಗೆಗೆ ಏನಂತಾರೋ’ ಎಂದು ಗೊಣಗುತ್ತಲೇ. ಹೃದಯ ಮತ್ತೆ ಬಡಿಯಿತು — ಒಮ್ಮೆ, ಇನ್ನೊಮ್ಮೆ. ಸಂತೋಷವನ್ನು ದೂರದಿಂದಲೇ ನೋಡುವ ಸ್ವಭಾವ ನನ್ನದು. ಅಂದು ಮಾತ್ರ ಮಾಸ್ಕಿನೊಳಗೆ ಹಲ್ಲು ಕಿರಿದೆ.

ಎಚ್ಚರವಾದ ಟೈಲರ್ ಮೇಡಂ ಅವರನ್ನು ಕೇಳಿದ್ದೇನು ಗೊತ್ತೇ?

‘ಒಳಗೆ ಯಾವ ಬಟ್ಟೆ ಹಾಕಿದ್ರಿ?’

‘ಪಾಲಿಯೆಸ್ಟರ್.’

‘ಅಯ್ಯೋ, ಕಾಟನ್ ಸಿಗ್ಲಿಲ್ವಾ?’

‘ಕಾಟನ್ ಕುಗ್ಗಲ್ವೇನ್ರೀ?’

‘ಅದೂ ಸರಿ. ಬಾಳಿಕೆ ಬರುತ್ತಾ?’

‘ನನಗಿಂತ ಹೆಚ್ಚು ಬಾಳುತ್ತೆ. ಸುಮ್ನೆ ಮಲ್ಕೊಳ್ಳಿ.’

ಅಗೋ, ಆ ಕಂಬದ ಪಕ್ಕದಲ್ಲಿ ಕೂತಿದ್ದಾರೆ ಆ ಟೈಲರ್. ಹೆಂಡತಿ ಈಗಲೂ ಏನೋ ಗದರುತ್ತಿದ್ದಾರೆ. ಅವರು ಈಗಲೂ ಕೇಳುತ್ತಿಲ್ಲ. ಎಂಥ ಸೊಗಸು ನೋಡಿ!

ದಯವಿಟ್ಟು ಎಲ್ಲರೂ ಎದ್ದು ನಿಲ್ಲೋಣ, ಸ್ವಲ್ಪ ಹೊತ್ತು ಮಾತಿಲ್ಲದೆ. ನಗು ಬಂದವರು ತಡೆದುಕೊಳ್ಳಬೇಕಿಲ್ಲ.

ಮೇಡಂ — ಅಂದು ‘ನನಗಿಂತ ಹೆಚ್ಚು ಬಾಳುತ್ತೆ’ ಎಂದದ್ದು ತಮಾಷೆಗೋ, ಇಲ್ಲ ಗ್ಯಾರಂಟಿ ಕೊಟ್ಟದ್ದೋ?