ಕಣ್ಮುಚ್ಚಿ ಒತ್ತಿದ ಓಕೆ

ಆಫೀಸಿನ ಒಂದು ಲಿಫ್ಟ್ ಕೆಟ್ಟು ಸಾಲು ಬೆಳೆದಿತ್ತು. ನನ್ನ ಮುಂದೆ ಒಂದೇ ತಂಡದ ಇಬ್ಬರು: ಮೊಬೈಲ್ ಆ್ಯಪ್ ಬರೆಯುವವನು, ಡೇಟಾಬೇಸ್ ನೋಡಿಕೊಳ್ಳುವವಳು.

"ಒಬ್ಬರ ಕೋಡ್ ಇನ್ನೊಬ್ಬರು ಓದಿ ಓಕೆ ಮಾಡ್ಬೇಕು ಅಂತ ಇದೆಯಲ್ಲ. ಒಳ್ಳೇ ರೂಲೇ ಅಲ್ವಾ ಅಕ್ಕಾ?"

"ನನ್ನ ಕೋಡ್ ನಿನಗೆ ಅರ್ಥ ಆಗುತ್ತಾ?"

"ಒಂದಕ್ಷರಾನೂ ಇಲ್ಲ. ನಂದು ನಿಮಗೆ?"

"ತಲೆಬುಡ ಗೊತ್ತಾಗಲ್ಲ. ಕಣ್ಮುಚ್ಚಿ ಓಕೆ ಒತ್ತುತೀನಿ."

"ಎಲ್ಲರದ್ದೂ ಅದೇ ಕಥೆ ಬಿಡಿ."

"ಅದಕ್ಕೇ ಹೋದ ವಾರ ಕೋಡಿನ ಮಧ್ಯೆ ಮಾಮೂಲಿ ಮಾತಲ್ಲೇ ಒಂದು ಸಾಲು ಬರೆದಿಟ್ಟೆ. ಯಾರಾದ್ರೂ ಓದ್ತಾರೇನೋ ಅಂತ."

"ಏನಂತ ಬರೆದ್ರಿ?"

"ನನ್ನ ಕೈಲಿ ಇನ್ನಾಗಲ್ಲ, ಯಾರಾದ್ರೂ ಬಂದು ಮಾತಾಡ್ಸಿ ಅಂತ."



"ಅದನ್ನ... ನಾನೂ ಓಕೆ ಮಾಡಿದ್ನಾ?"

"ಮೊದಲು ಮಾಡಿದ್ದೇ ನೀನು. 'ಚೆನ್ನಾಗಿದೆ' ಅಂತಾನೂ ಬರೆದಿದ್ದೆ."

ಲಿಫ್ಟ್ ಬಂತು. ಒಬ್ಬರಿಗಷ್ಟೇ ಜಾಗವಿತ್ತು. ಅವಳು ಹತ್ತಿ ಹೋದಳು.